ಅತ್ತಿಗೆ ಬಾಯಿ ಮುಚ್ಚಿ ಗಾಡಿ ಓಡಿಸಿದ್ದು

ನಾನು ಸುಲಭಕ್ಕೆ ಯಾರನ್ನೂ ಹೊಗಳುವವಳಲ್ಲ. ಹೊಲಿಗೆ ಅಂಗಡಿ ಇಟ್ಟುಕೊಂಡವಳಿಗೆ ಎಲ್ಲರ ಸೊಟ್ಟ ಭುಜವೂ ಕಣ್ಣಿಗೆ ಬೀಳುತ್ತದೆ, ಬಾಯಿ ಸುಮ್ಮನಿರುವುದಿಲ್ಲ. ಆದರೆ ನನ್ನ ಅತ್ತಿಗೆ ಐವತ್ತು ದಾಟಿದ ಮೇಲೆ ಡ್ರೈವಿಂಗ್ ಲೈಸೆನ್ಸ್ ತೆಗೆದುಕೊಂಡದ್ದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅಣ್ಣನದು ಬ್ರೆಡ್ ವ್ಯಾನು. ಬೆಳಗಿನ ಜಾವ ಬೇಕರಿಯಲ್ಲಿ ಟ್ರೇಗಳನ್ನು ತುಂಬಿಕೊಂಡು ಅಂಗಡಿ ಅಂಗಡಿಗೆ ಹಾಕಿ ಬರುವುದು ಅವನ ಕೆಲಸ. ಅತ್ತಿಗೆ ಪಕ್ಕದ ಸೀಟಿನಲ್ಲಿ ಕೂತು ಹೋಗುತ್ತಿದ್ದರು. ಅಂಗಡಿ ಬಂದಾಗ ಇಳಿದು ತುಂಬಿದ ಟ್ರೇ ಕೊಡುವುದು, ಖಾಲಿ ಟ್ರೇ ತರುವುದು ಅವರ ಪಾಲಿನದು. ಉಳಿದ ಹೊತ್ತೆಲ್ಲ ಬಾಯಿ. "ರೀ, ಪಕ್ಕದಲ್ಲಿ ಸೈಕಲ್. ಮುಂದೆ ಹಳ್ಳ. ಲೈಟು ಹಳದಿ ಆಯ್ತು, ಬ್ರೇಕ್ ಹಿಡೀರಿ." ಒಂದೆರಡು ಸಲ ನಾನೂ ಅವರ ಜೊತೆ ಹೋಗಿ ತಲೆ ಚಿಟ್ಟು ಹಿಡಿದು ಇಳಿದದ್ದುಂಟು.

"ರೇಡಿಯೋ ಆದ್ರೆ ಆಫ್ ಮಾಡ್ಬಹುದು. ಇದನ್ನ ಹೇಗೆ ತಡ್ಕೋತೀಯೋ ಅಣ್ಣ?" ಅಂತ ರೇಗಿಸಿದರೆ ಅವನು ನಕ್ಕು ಸುಮ್ಮನಾಗುತ್ತಿದ್ದ.

ಅವನು ಯಾಕೆ ಸುಮ್ಮನಾಗುತ್ತಿದ್ದ ಅನ್ನುವುದು ಗೊತ್ತಾದದ್ದು ಕಣ್ಣಿನ ಡಾಕ್ಟರ ಕೋಣೆಯಲ್ಲಿ. ಹೊಸ ಕನ್ನಡಕ ಬೇಕೆಂದು ಹೋಗಿದ್ದ, ನಾವಿಬ್ಬರೂ ಜೊತೆಗಿದ್ದೆವು. ಡಾಕ್ಟರಮ್ಮ ಅವನನ್ನು ಒಂದು ಬಟ್ಟಲಿನಂಥ ಯಂತ್ರದ ಮುಂದೆ ಕೂರಿಸಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಅಣ್ಣ ಗುಂಡಿ ಒತ್ತಿದ್ದು ಬೆರಳೆಣಿಕೆಯಷ್ಟು ಸಲ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ಸುತ್ತಲಿನ ನೋಟವೆಲ್ಲ ಸತ್ತುಹೋಗಿತ್ತು. ಉಳಿದದ್ದು ನಡುವೆ ಒಂದಿಷ್ಟು, ಕೊಳವೆಯೊಳಗಿಂದ ಇಣುಕಿದಷ್ಟು. ಅದು ಮೆಲ್ಲಮೆಲ್ಲಗೆ ಹೋಗುವುದರಿಂದ ಕಳೆದುಕೊಂಡವರಿಗೇ ತಿಳಿಯುವುದಿಲ್ಲವಂತೆ. ಹೋದದ್ದು ಮರಳಿ ಬರುವುದೂ ಇಲ್ಲವಂತೆ.

"ಇವತ್ತು ಇಲ್ಲಿಗೆ ಗಾಡಿ ಯಾರು ಓಡಿಸ್ಕೊಂಡು ಬಂದ್ರು?" ಡಾಕ್ಟರಮ್ಮ ಕೇಳಿದರು.

"ನಾನೇ," ಅಂದ ಅಣ್ಣ.

ಅವರ ಪೆನ್ನು ನಿಂತಿತು. "ಹೇಗೆ?"

ಅಣ್ಣ ಅತ್ತಿಗೆಯ ಕಡೆ ಕೈ ತೋರಿಸಿದ. "ಇವಳು ಹೇಳ್ತಾಳೆ. ನಾನು ಓಡಿಸ್ತೀನಿ."

ಅತ್ತಿಗೆಯ ಮುಖದಲ್ಲಿ ರಕ್ತವಿರಲಿಲ್ಲ. ಆಕೆಗೂ ಗೊತ್ತಿರಲಿಲ್ಲ, ಪಾಪ. ಗಂಡ ಸೋಮಾರಿ, ಲೈಟು ಯಾವುದು ಅಂತ ಕೇಳುವುದೂ ಒಂದು ಚಟ ಅಂತಲೇ ತಿಳಿದಿದ್ದರು. ನನಗಂತೂ ಸಿಟ್ಟು ನೆತ್ತಿಗೇರಿತು. ಯಾರ ಮನೆಯ ಮಗುವಾದರೂ ಅಡ್ಡ ಬಂದಿದ್ದರೆ ಏನು ಗತಿ? ಹಾಗೆ ಕೂಗಾಡಿದೆ ಕೂಡ. ಆದರೆ ಮನೆಗೆ ಬಂದು ಯೋಚಿಸಿದಾಗ ಸಿಟ್ಟಿನ ಹಿಂದೆಯೇ ಬೇರೊಂದು ಬಂತು. ಇಷ್ಟು ವರ್ಷ ಆ ವ್ಯಾನು ಒಂದು ಬಾಯಿ ಮತ್ತು ಎರಡು ಕೈಗಳ ನಡುವೆ ಓಡಿತ್ತಲ್ಲ! ಎಲ್ಲೂ ಒಂದು ಗೀರು ಕೂಡ ಬಿದ್ದಿರಲಿಲ್ಲ.

ಅಂದಿನಿಂದ ಅಣ್ಣ ಸ್ಟಿಯರಿಂಗ್ ಮುಟ್ಟಲಿಲ್ಲ. ಬೇಕರಿಯ ಯಜಮಾನರು ಒಳ್ಳೆಯವರು, ಆದರೆ ಬ್ರೆಡ್ಡು ಕಾಯುವುದಿಲ್ಲ. "ಶಾಲೆಗಳಿಗೆ ರಜೆ ಇರೋ ತನಕ ಹೇಗೋ ತಳ್ತೀನಿ. ಶಾಲೆ ಶುರುವಾದ್ಮೇಲೆ ಬೇರೆ ವ್ಯಾನು ನೋಡ್ಕೋಬೇಕಾಗತ್ತೆ," ಅಂದರು. ಡ್ರೈವರ್ ಇಟ್ಟುಕೊಳ್ಳುವಷ್ಟು ಆ ಕೆಲಸದಲ್ಲಿ ಹುಟ್ಟುತ್ತಿರಲಿಲ್ಲ. ನಾವು ಮೂವರೂ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಅತ್ತಿಗೆಯೇ ಅಂದರು: "ನಾನು ಕಲೀತೀನಿ. ರಸ್ತೆ ನಂಗೇನು ಹೊಸದಾ?"

ಮೊದಲು ಕಲಿಕೆ ಲೈಸೆನ್ಸಿಗೆ ಪ್ರಶ್ನೋತ್ತರದ ಪರೀಕ್ಷೆ. ಅತ್ತಿಗೆ ಪುಸ್ತಕ ಹಿಡಿದುಕೊಂಡು ನನ್ನ ಅಂಗಡಿಗೆ ಬರುತ್ತಿದ್ದರು. ನಾನು ಗುಂಡಿಗೆ ಕಾಜಾ ಹೊಲಿಯುತ್ತ ಪ್ರಶ್ನೆ ಕೇಳುತ್ತಿದ್ದೆ.

"ಎದುರಿಗೆ ಹಳದಿ ದೀಪ ಬಂತು. ಏನ್ಮಾಡ್ತೀರಿ?"

"ಹೇಳ್ತೀನಿ."

"ಪಾದಚಾರಿ ರಸ್ತೆ ದಾಟ್ತಿದ್ದಾನೆ. ಏನ್ಮಾಡ್ತೀರಿ?"

"ಅವರಿಗೆ ಹೇಳ್ತೀನಿ."

"ಯಾರಿಗೆ? ಪಾದಚಾರಿಗಾ?"

"ನಿಮ್ಮಣ್ಣಂಗೆ!"

ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅತ್ತಿಗೆ ಮುಖ ಗಂಟಿಕ್ಕಿಕೊಂಡು ಮುಂದಿನ ಪುಟ ತಿರುವಿದರು. ಆದರೆ ಚಿಹ್ನೆಗಳ ಪುಟಗಳು ಬಂದಾಗ ನಗುವ ಸರದಿ ಅವರದು. ಕಿರಿದಾದ ಸೇತುವೆ, ಜಾರುವ ರಸ್ತೆ, ಕಡಿದಾದ ತಿರುವು, ಚಿತ್ರ ನೋಡುವ ಮೊದಲೇ ಉತ್ತರ ಬರುತ್ತಿತ್ತು. ಪರೀಕ್ಷೆಯ ದಿನ ಕಂಪ್ಯೂಟರ್ ಮುಂದೆ ಕೂತು, ಸೀರೆಯ ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಮುಗಿಸಿ ಎದ್ದು ಬಂದರು. ಒಂದೂ ತಪ್ಪಿರಲಿಲ್ಲ.

ಕಷ್ಟ ಶುರುವಾದದ್ದು ಕಾರಿನಲ್ಲಿ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ತಮ್ಮ ಕಡೆಗೂ ಒಂದು ಬ್ರೇಕ್ ಇದ್ದ ಹಳೆಯ ಕಾರು ತಂದಿದ್ದರು. ನಾನು ಧೈರ್ಯ ಹೇಳುವ ನೆಪದಲ್ಲಿ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಕಾರು ಇನ್ನೇನು ಸರಾಗವಾಗಿ ಹೊರಟಿತು ಅನ್ನುವಾಗ ಅಡ್ಡ ಬೀದಿಯಿಂದ ಒಂದು ನಾಯಿ ಓಡಿ ಬಂತು.

"ನಾಯಿ! ಬ್ರೇಕ್ ಹಿಡೀರಿ!" ಎಂದು ಅತ್ತಿಗೆ ಕೂಗಿದರು. ಕೂಗಿ ಕಾದರು. ಕಾಲು ಇದ್ದಲ್ಲೇ ಇತ್ತು. ಅವರ ಲೆಕ್ಕದಲ್ಲಿ ಅವರ ಕೆಲಸ ಮುಗಿದಿತ್ತು.

ಮೇಷ್ಟ್ರು ತಮ್ಮ ಬ್ರೇಕ್ ತುಳಿದು ನಾಯಿಯನ್ನು ಉಳಿಸಿದರು. ಬೆವರು ಒರೆಸಿಕೊಂಡು ಕೈಮುಗಿದರು. "ಅಮ್ಮಾ, ನಂಗೆ ಹೇಳ್ಬೇಡಿ. ನಿಮ್ಮ ಕಾಲಿಗೆ ಹೇಳಿ."

ಬಾಯಿ ಹೇಳಿದ್ದನ್ನು ತನ್ನದೇ ಕಾಲು ಕೇಳುವಂತೆ ಮಾಡಿಕೊಳ್ಳಲು ಆಕೆಗೆ ರಜೆಯ ಅರ್ಧ ಭಾಗ ಹಿಡಿಯಿತು. ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು, "ಬ್ರೇಕ್," ಅನ್ನುವುದು, ನೆಲ ಒತ್ತುವುದು. ಮತ್ತೆ "ಬ್ರೇಕ್," ಮತ್ತೆ ಒತ್ತುವುದು. ಕೊನೆಗೆ ಬಾಯಿ ಮತ್ತು ಕಾಲು ಒಂದಾದವು. ಮೇಷ್ಟ್ರು, "ಇಷ್ಟು ದೂರದಿಂದ ರಸ್ತೆ ಓದೋರನ್ನ ನಾನು ನೋಡಿಲ್ಲ," ಅಂದರು. ರಸ್ತೆ ಪರೀಕ್ಷೆಗೆ ದಿನ ಗೊತ್ತಾಯಿತು.

ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರು ಮಿತಭಾಷಿ. ಮೇಷ್ಟ್ರ ಕಾರಿನಲ್ಲೇ, ಮೇಷ್ಟ್ರ ಜಾಗದಲ್ಲಿ ಕೂತರು. ಹೋದದ್ದು ಚೆನ್ನಾಗಿಯೇ ಹೋಯಿತಂತೆ. ವಾಪಸು ಬರುವಾಗ ನಿಂತಿದ್ದ ಲಾರಿಯ ಮರೆಯಿಂದ ಯಾರೋ ಕೈಗಾಡಿ ತಳ್ಳಿಕೊಂಡು ಬಂದರು. ಅವರು ಬರುವ ಮುಂಚೆಯೇ ಲಾರಿಯ ಅಡಿಯಲ್ಲಿ ಚಕ್ರ ಕಂಡ ಅತ್ತಿಗೆ, "ಬ್ರೇಕ್ ಹಿಡೀರಿ!" ಎಂದರು. ಆ ದನಿಗೆ ಏನು ಶಕ್ತಿಯೋ, ಇನ್‌ಸ್ಪೆಕ್ಟರ ಕಾಲು ತಾನಾಗಿಯೇ ಹೋಗಿ ತಮ್ಮ ಕಡೆಯ ಬ್ರೇಕ್ ತುಳಿದುಬಿಟ್ಟಿತು. ಅತ್ತಿಗೆಯ ಕಾಲಿಗಿಂತ ಒಂದು ಗಳಿಗೆ ಮೊದಲೇ.

ಪರೀಕ್ಷೆ ಮಾಡುವವರು ಬ್ರೇಕ್ ಹಿಡಿದರೆ ಪರೀಕ್ಷೆಗೆ ಕೂತವರು ಫೇಲು. ಅದು ನಿಯಮ. ಇನ್‌ಸ್ಪೆಕ್ಟರು ಇಳಿದಾಗ ಅವರೇ ತಪ್ಪು ಮಾಡಿದವರ ಹಾಗೆ ಕಾಣುತ್ತಿದ್ದರು. "ನನ್ನ ಕಾಲು ಯಾಕೆ ಹೋಯ್ತೋ ನಂಗೇ ಗೊತ್ತಿಲ್ಲ ಕಣಮ್ಮ. ಆದ್ರೂ ರೂಲು ರೂಲೇ. ಮುಂದಿನ ಸಲ ದಯವಿಟ್ಟು ಮಾತಾಡದೆ ಓಡಿಸಿ."

ಇನ್ನೊಂದು ಸಲಕ್ಕೆ ಸಿಕ್ಕ ದಿನ ಶಾಲೆ ಶುರುವಾಗುವ ಮುನ್ನಾದಿನ. ಅದೂ ಹೋದರೆ ಕೆಲಸವೂ ಹೋಯಿತು, ವ್ಯಾನೂ ಹೋಯಿತು. ಅತ್ತಿಗೆ ಬಾಯಿಗೆ ಬೀಗ ಹಾಕಿ ಓಡಿಸಿ ನೋಡಿದರು. ಬಾಯಿ ನಿಂತರೆ ಕಾಲೂ ನಿಲ್ಲುತ್ತಿತ್ತು.

ಉಪಾಯ ಹೇಳಿದ್ದು ಅಣ್ಣ. "ನಾನು ಹಿಂದೆ ಕೂತ್ಕೋತೀನಿ. ನಾನಿದ್ದೂ ನೀನು ಸುಮ್ಮನಿರೋಕಾದ್ರೆ, ಯಾರ ಮುಂದೆ ಬೇಕಾದ್ರೂ ಸುಮ್ಮನಿರ್ತೀಯ."

ನನಗೆ ಅದರಲ್ಲೇನೂ ದೊಡ್ಡ ವಿಷಯ ಕಾಣಲಿಲ್ಲ. ಕಂಡದ್ದು ಆ ಸಂಜೆ ಅವನ ಪಕ್ಕದಲ್ಲಿ ಕೂತಾಗ. ಅತ್ತಿಗೆಯ ಪಕ್ಕದಲ್ಲಿ ಮೇಷ್ಟ್ರನ್ನು ಕೂರಿಸಿಕೊಂಡು ಕಾರು ಹೊರಟಿತು. ಅತ್ತಿಗೆಯ ಬಾಯಿ ಬಿಗಿದಿತ್ತು. ಮೊದಲ ತಿರುವಿನಲ್ಲಿ ಅಣ್ಣ ನನ್ನ ಮೇಲೆ ವಾಲಿಬಿದ್ದ. ಆಮೇಲೆ ಬ್ರೇಕ್ ಬಿದ್ದಾಗ ಅವನ ಹಣೆ ಮುಂದಿನ ಸೀಟಿಗೆ ಬಡಿಯಿತು. ಇಷ್ಟು ವರ್ಷಗಳಲ್ಲಿ ಯಾವ ತಿರುವೂ ಯಾವ ಬ್ರೇಕೂ ಅವನಿಗೆ ಹೇಳದೆ ಬಂದಿರಲಿಲ್ಲ. ಅವನು ನನ್ನ ಕೈ ಹುಡುಕಿ ಹಿಡಿದುಕೊಂಡ.

"ನಂಗೆ ಕಣ್ಣು ಹೋಗಿದ್ದು ಇವತ್ತು ಕಣೇ," ಅಂದ ಮೆಲ್ಲಗೆ.

ಅತ್ತಿಗೆಗೆ ಅದು ಕೇಳಿಸಿತು. "ರೀ—" ಅಂದರು.

"ಮಾತಾಡ್ಬೇಡ," ಅಂದ ಅಣ್ಣ, ಗಟ್ಟಿಯಾಗಿ. "ಓಡಿಸು."

ಅತ್ತಿಗೆ ಓಡಿಸಿದರು. ಕನ್ನಡಿಯಲ್ಲಿ ನನಗೆ ಅವರ ಕೆನ್ನೆ ಮಾತ್ರ ಕಾಣುತ್ತಿತ್ತು, ನೀರು ಇಳಿಯುತ್ತಿತ್ತು. ಮುಂದೆ ಕೂತವಳು ಗಂಡನ ಕಣ್ಣನ್ನು ಗಂಟಲಲ್ಲೇ ಹಿಡಿದಿಟ್ಟುಕೊಂಡಿದ್ದಳು. ಹಿಂದೆ ಕೂತವನು ತಾನಾಗಿ ಕೇಳಿಕೊಂಡು ಕತ್ತಲಲ್ಲಿ ಕೂತಿದ್ದ. ಮದುವೆ, ಸಂಸಾರ ಅಂದರೆ ನನಗೆ ಯಾವಾಗಲೂ ಮೂಗು ಮುರಿಯುವ ವಿಷಯ. ಅವತ್ತು ಮಾತ್ರ ಮುರಿಯಲಿಲ್ಲ. ಇಂಥದ್ದೂ ಉಂಟಾ ಅಂತ ಬೆರಗಾಗಿ ನೋಡುತ್ತ ಕೂತೆ. ಅಲ್ಲಿಂದ ದಿನವೂ ಸಂಜೆ ಅಣ್ಣ ತಪ್ಪದೆ ಬಂದ, ದಿನವೂ ಹಣೆ ಬಡಿಸಿಕೊಂಡ. ಬಡಿಯುವುದು ಕಡಿಮೆಯಾಗುತ್ತ ಬಂತು.

ಎರಡನೆಯ ಪರೀಕ್ಷೆಗೂ ಅದೇ ಇನ್‌ಸ್ಪೆಕ್ಟರು. ಹತ್ತುವ ಮೊದಲು ತಮ್ಮ ಕಾಲನ್ನು ಒಮ್ಮೆ ನೋಡಿಕೊಂಡರು. ಮೊದಲು ಮೈದಾನದಲ್ಲಿ ಸುತ್ತು, ಆಮೇಲೆ ರಸ್ತೆ. ನಾನು, ಅಣ್ಣ ಬೇಲಿಯ ಹೊರಗೆ, ರಸ್ತೆಯೂ ಕಾಣುವ ಕಡೆ ನಿಂತಿದ್ದೆವು.

"ಏನಾಗ್ತಿದೆ?" ಅಂದ ಅಣ್ಣ.

"ಹೋಗ್ತಿದೆ."

"ಹೋಗ್ತಿದೆ ಅಂದ್ರೆ? ತಿರುವಿಗೆ ಬಂತಾ? ಗೇರು ಇಳಿಸಿದ್ಲಾ? ಎದುರಿಗೆ ಏನಿದೆ?"

ನಾನು ಹೇಳಲು ನೋಡಿದೆ. ಬೈಕು ಅನ್ನುವಷ್ಟರಲ್ಲಿ ಬೈಕು ದಾಟಿಹೋಗಿತ್ತು. ಬಸ್ಸು ಅನ್ನುವಷ್ಟರಲ್ಲಿ ಕಾರು ಅದರ ಹಿಂದೆ ನಿಂತು ಮತ್ತೆ ಹೊರಟಾಗಿತ್ತು. ನನ್ನ ಮಾತು ರಸ್ತೆಯ ಹಿಂದೆ ಏದುಸಿರು ಬಿಡುತ್ತ ಓಡುತ್ತಿತ್ತು. ಅತ್ತಿಗೆಯ ಮಾತು ಸದಾ ರಸ್ತೆಗಿಂತ ಮುಂದೆ ಇರುತ್ತಿತ್ತಲ್ಲ, ದಿನಾ, ಅಷ್ಟೂ ದೂರ! ತಲೆ ಚಿಟ್ಟು ಅಂದುಕೊಂಡಿದ್ದು ಇದನ್ನಾ?

"ನಿಂಗೆ ಬರಲ್ಲ, ಬಿಡು," ಅಂದ ಅಣ್ಣ.

ಕಾರು ರಸ್ತೆ ಮುಗಿಸಿ ಬಂದು ನಿಂತಿತು. ಇನ್‌ಸ್ಪೆಕ್ಟರು ಇಳಿದು, "ಒಂದು ಮಾತಿಲ್ಲ, ಒಂದು ತಪ್ಪಿಲ್ಲ," ಅಂತ ಮೇಷ್ಟ್ರಿಗೆ ಹೇಳಿ ಹೋದರು. ಅತ್ತಿಗೆ ಮಾತ್ರ ಬಾಗಿಲು ತೆಗೆಯದೆ ಸ್ಟಿಯರಿಂಗ್ ಹಿಡಿದೇ ಕೂತಿದ್ದರು. ಅಣ್ಣ ಬೇಲಿ ತಡವಿಕೊಂಡು ಅವರ ಬಳಿಗೆ ಹೋದ.

ಮಾರನೆಯ ಜಾವ ನಾವು ಮೂವರೂ ಬೇಕರಿಗೆ ಹೋದೆವು. ಯಜಮಾನರು ಲೈಸೆನ್ಸಿನ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ಟ್ರೇ ತುಂಬಲು ಹೇಳಿದರು. ಬ್ರೆಡ್ಡು ಇನ್ನೂ ಬಿಸಿಯಿತ್ತು. ಟ್ರೇ ಇಳಿಸುವ ಕೆಲಸ ನನ್ನದು, ಹಾಗಾಗಿ ಬಾಗಿಲ ಪಕ್ಕಕ್ಕೆ ಕೂತೆ. ನಡುವೆ ಅಣ್ಣ. ಅತ್ತಿಗೆ ಗಾಡಿ ಹೊರಡಿಸಿದರು. ಕಲಿತ ಅಭ್ಯಾಸ, ತುಟಿ ಬಿಚ್ಚಲಿಲ್ಲ. ಒಂದು ಬೀದಿ ಹೋಯಿತು, ಇನ್ನೊಂದು ಹೋಯಿತು.

"ಎಲ್ಲಿದ್ದೀವಿ?" ಅಂದ ಅಣ್ಣ.

ಆ ರಸ್ತೆಯಲ್ಲಿ ಇಡೀ ಆಯುಷ್ಯ ಓಡಿಸಿದವನು ಕೇಳಿದ ಪ್ರಶ್ನೆ. ಅತ್ತಿಗೆ ಗಾಡಿ ಬದಿಗೆ ಹಾಕಿ ನಿಲ್ಲಿಸಿದರು. ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ಹೊರಡಿಸಿದರು. ಆಮೇಲೆ ಬಾಯಿ ತೆರೆದರು.

"ಶಾಲೆ ಗೇಟು ದಾಟ್ತಿದ್ದೀವಿ. ಗೇಟಿಗೆ ಹಸಿರು ಬಣ್ಣ ಹೊಡೆದಿದ್ದಾರೆ, ಇನ್ನೂ ಹಸಿ ಇದೆ. ಕಾವಲಿನವರು ಕುರ್ಚಿ ಹೊರಗೆ ಹಾಕ್ಕೊಂಡು ನಿದ್ದೆ ಹೊಡೀತಿದ್ದಾರೆ. ಮೂಲೆ ಮನೆ ಅಜ್ಜಿ ಕಿಟಕೀಲಿ ಬೆಕ್ಕಿಗೆ ತಲೆ ಬಾಚ್ತಿದ್ದಾರೆ. ಆ ಕಡೆ ಆಕಾಶ ಪೂರ್ತಿ ಕೆಂಪಾಗಿದೆ ರೀ."

ಅಣ್ಣ ಮುಖ ಆ ಕಡೆ ತಿರುಗಿಸಿದ. "ಬೆಕ್ಕಿಗೆ ತಲೆ ಬಾಚ್ತಾರಾ?"

"ದಿನಾ ಬಾಚ್ತಾರೆ. ನಾವು ಬರೋ ಹೊತ್ತಿಗೆ ಸರಿಯಾಗಿ."

"ಇಷ್ಟು ವರ್ಷ ಇದನ್ನೆಲ್ಲ ಯಾಕೆ ಹೇಳ್ಲೇ ಇಲ್ಲ ನೀನು?"

"ಗಾಡಿ ಓಡಿಸ್ತಿದ್ರಲ್ಲ," ಅಂದರು ಅತ್ತಿಗೆ, ಗೇರು ಬದಲಿಸುತ್ತ. "ಬೇಕಾದಷ್ಟು ಮಾತ್ರ ಹೇಳ್ತಿದ್ದೆ."