ಸಾವಿತ್ರಕ್ಕನ ಪಾತ್ರೆ

ನಾನು ಯಾರನ್ನೂ ಸುಮ್ಮಸುಮ್ಮನೆ ಹೊಗಳುವವಳಲ್ಲ. ಬೇಕಾದರೆ ನಮ್ಮ ಯಜಮಾನರು ಹರಿಪ್ರಸಾದರನ್ನು ಕೇಳಿ. ಮದುವೆಯಾಗಿ ಇಪ್ಪತ್ತೆಂಟು ವರ್ಷವಾಯಿತು, ಅವರು ಮಾಡುವ ಉಪ್ಪಿಟ್ಟನ್ನು ಒಂದೇ ಒಂದು ಸಲ ಚೆನ್ನಾಗಿದೆ ಎಂದಿದ್ದೇನೆ, ಅದೂ ನನಗೆ ಜ್ವರ ಬಂದು ನಾಲಿಗೆ ಕೆಟ್ಟಿದ್ದಾಗ. ಅಂಥ ಹೇಮಲತಾ ಹೇಳುತ್ತಿದ್ದೇನೆ ಕೇಳಿ: ಅಹಮದಾಬಾದಿನಿಂದ ಸೂರತ್‌ವರೆಗೆ ಹುಡುಕಿದರೂ ಅಹಮದಾಬಾದಿನ ವಟ್ವಾ ಬಡಾವಣೆಯ ಸಾವಿತ್ರಕ್ಕನಂಥ ಕೈ ನಿಮಗೆ ಸಿಗುವುದಿಲ್ಲ.

ನಮ್ಮದೊಂದು ಡಬ್ಬಿ ಬಳಗವಿದೆ. ಬ್ಯಾಂಕು, ರೈಲ್ವೆ, ವಿಮೆ, ಸಂಶೋಧನಾ ಕೇಂದ್ರ ಎಂದು ವರ್ಗವಾಗಿ ಬಂದು ಇಲ್ಲೇ ನೆಲೆನಿಂತ ಕನ್ನಡದವರು. ತಿಂಗಳಿಗೊಂದು ಭಾನುವಾರ ಯಾರದಾದರೂ ಮನೆಯಲ್ಲಿ ಸೇರುತ್ತೇವೆ, ಒಬ್ಬೊಬ್ಬರು ಒಂದೊಂದು ಅಡಿಗೆ ಹೊತ್ತು ತರುತ್ತೇವೆ. ಡಿಸೆಂಬರಿನಲ್ಲಿ ಮಾತ್ರ ಅಹಮದಾಬಾದ್, ಸೂರತ್ ಎರಡೂ ಕಡೆಯವರಿಗೆ ನಡುವೆ ಬೀಳುವ ವಡೋದರಾದಲ್ಲಿ ದೊಡ್ಡ ಊಟ. ನಿಯಮ ಎರಡೇ. ಅಡಿಗೆ ತಂದವರು ಎದ್ದು ನಿಂತು, ಹೇಗೆ ಮಾಡಿದೆ, ಎಲ್ಲಿ ಎಡವಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಬೇಕು. ಪಾತ್ರೆ ಖಾಲಿಯಾದರೆ ತಿಂದವರು ತೊಳೆದುಕೊಡಬೇಕು. ಉಳಿದರೆ ತಂದವರೇ ಮುಚ್ಚಿಕೊಂಡು ಮನೆಗೆ ಒಯ್ಯಬೇಕು. ಇಪ್ಪತ್ತು ವರ್ಷದಲ್ಲಿ ಸಾವಿತ್ರಕ್ಕ ತಮ್ಮ ಪಾತ್ರೆಯನ್ನು ಮುಚ್ಚಿಕೊಂಡು ಹೋದದ್ದನ್ನು ನಾವು ಕಂಡಿರಲಿಲ್ಲ.

ಅರಸೀಕೆರೆಯ ಹೆಣ್ಣು. ಗಂಡ ರಾಮಚಂದ್ರರಾಯರು ರೈಲ್ವೆಯಲ್ಲಿದ್ದು ನಿವೃತ್ತರಾದವರು. ಅಕ್ಕನ ಜಂಬವೆಲ್ಲ ಇದ್ದದ್ದು ಮೂಗಿನಲ್ಲಿ. ಮುಚ್ಚಳ ಎತ್ತಿ ಒಂದು ಸಲ ಮೂಸಿದರೆ ಸಾಕು, "ಮೆಂತ್ಯ ಕರಕಲಾಗಿದೆ ಕಣೇ", "ಕೊತ್ತಂಬರಿ ಹಳೇದು, ಯಾವ ಅಂಗಡೀದು?" ಎಂದು ಬಿಡುತ್ತಿದ್ದರು. ಬಳಗದ ವಾಟ್ಸಾಪಿನಲ್ಲಿ ದಿನಕ್ಕೆ ನಾಲ್ಕು ಜನ ಅವರನ್ನು ಸಲಹೆ ಕೇಳುತ್ತಿದ್ದರು. ಸೂರತ್ ಬಳಿಯ ಹಜೀರಾದ ಕಾರ್ಖಾನೆಯಲ್ಲಿ ಎಂಜಿನಿಯರಾದ ಗುಂಡಪ್ಪನವರು ತಾವೇ ಕುಟ್ಟಿದ ಪುಡಿಯನ್ನು ಪೊಟ್ಟಣ ಕಟ್ಟಿಕೊಂಡು, ಮೂಸಿಸಲಿಕ್ಕೆಂದೇ ಸೂರತ್ತಿನಿಂದ ರೈಲು ಹತ್ತಿ ಬಂದದ್ದುಂಟು. ನನಗಂತೂ ಸಿಕ್ಕಿದ್ದು ಬರೀ ಬೈಗುಳ. "ಹೇಮಾ, ನಿನಗೆ ಮೂಗು ಕೊಟ್ಟಿರೋದು ಬೊಟ್ಟಿಡಕ್ಕೆ ನಡುಮಧ್ಯ ಗೊತ್ತಾಗ್ಲಿ ಅಂತ ಅಷ್ಟೇ" ಎಂದು ಎಲ್ಲರೆದುರು ಆಡಿಕೊಂಡಿದ್ದರು. ಸಿಟ್ಟು ಬಂದು ಎರಡು ತಿಂಗಳು ಮಾತು ಬಿಟ್ಟಿದ್ದೆ. ಆಮೇಲೆ ಅವರು ಕೊಟ್ಟಿದ್ದ ಹುಳಿಪುಡಿ ಮುಗಿಯಿತು, ನಾನೇ ಹೋದೆ.

ಕಳೆದ ಜೂನಿನಲ್ಲಿ ಅಹಮದಾಬಾದಿನ ಬೋಪಾಲ್ ಬಡಾವಣೆಯ ನಮ್ಮ ಮನೆಯಲ್ಲಿ ಊಟ. ಸೂರತ್ತಿನಿಂದ ಗುಂಡಪ್ಪನವರೂ ಬಂದಿದ್ದರು. ಸಾವಿತ್ರಕ್ಕ ತಂದದ್ದು ಬಿಸಿಬೇಳೆ ಬಾತು. ಮೊದಲ ತುತ್ತಿಗೇ ನನಗೆ ಏನೋ ತಪ್ಪಿದೆ ಅನಿಸಿತು. ಚಕ್ಕೆಯಿಲ್ಲ, ಮರಾಠಿ ಮೊಗ್ಗಿಲ್ಲ. ಜೀರಿಗೆ, ಮೆಣಸು ಮುಂದೆ ಬಂದು ಕೂತಿವೆ. ಬಾತಿನ ಪುಡಿಯ ಬದಲು ಸಾರಿನ ಪುಡಿ ಬಿದ್ದಿತ್ತು! ಉಳಿದವರು ಮರ್ಯಾದೆಗೆ ಮೆಲ್ಲುತ್ತಿದ್ದರು. ಗುಂಡಪ್ಪನವರಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸವೇ ಇಲ್ಲ.

"ಸಾವಿತ್ರಮ್ನೋರೆ, ಇದೇನು ಸಾರನ್ನಾನ? ನಂಗ್ಯಾಕೋ ಸೇರ್ತಿಲ್ಲ" ಎಂದು ತಟ್ಟೆಯ ಅಂಚಿಗೆ ಸರಿಸಿಬಿಟ್ಟರು.

ಅಕ್ಕ ನಕ್ಕರು, ಆದರೆ ಸ್ವಲ್ಪ ತಡವಾಗಿ ನಕ್ಕರು. ಅವತ್ತು ಅವರ ಪಾತ್ರೆ ಅರ್ಧ ತುಂಬಿಕೊಂಡೇ ವಟ್ವಾಕ್ಕೆ ವಾಪಸ್ ಹೋಯಿತು.

ಮಾರನೆಯ ದಿನ ತಡೆಯಲಾರದೆ ಸ್ಕೂಟರ್ ತೆಗೆದು ಅವರ ಮನೆಗೆ ಹೋದೆ. ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸುತ್ತಿತ್ತು. ವಟ್ವಾದ ಆ ಘಾಟು ಗೊತ್ತಲ್ಲ, ಕಣ್ಣಲ್ಲಿ ನೀರು ಬರಬೇಕು. ಅಕ್ಕನ ಮನೆಯ ಕಿಟಕಿಗಳೆಲ್ಲ ಹಾರುಹೊಡೆದಿದ್ದವು. ಅವರು ತಮ್ಮ ಪಾಡಿಗೆ ತಾವು ಕೂತು ಹುರುಳಿಕಾಯಿ ಬಿಡಿಸುತ್ತಿದ್ದರು.

"ಅಕ್ಕ, ಈ ನಾತ ಹೇಗೆ ತಡ್ಕೋತೀರ? ಕಿಟಕಿ ಹಾಕಬಾರ್ದ?" ಎಂದೆ.

"ನಾನು ಹಾಕಿದ್ದೆ ಕಣಮ್ಮ, ಸೆಖೆ ಅಂತ ಇವಳೇ ತೆಗೆದ್ಲು" ಎಂದು ರಾಮಚಂದ್ರರಾಯರು ಒಳಗಿನಿಂದಲೇ ಹೇಳಿದರು.

ಅಕ್ಕ ಹುರುಳಿಕಾಯಿ ಬಿಟ್ಟು ನನ್ನ ಮುಖ ನೋಡಿದರು. ನನಗೆ ಹೊಳೆಯಿತು. ಈ ನಾತ ಅವರಿಗೆ ಬಡಿಯುತ್ತಲೇ ಇಲ್ಲ.

"ಏಪ್ರಿಲ್‌ನಲ್ಲಿ ಜ್ವರ ಬಂದಿತ್ತಲ್ಲ, ಅವತ್ತಿಂದ ಯಾವ ವಾಸನೇನೂ ಗೊತ್ತಾಗಲ್ಲ ಹೇಮಾ. ಹೂವೂ ಇಲ್ಲ, ತುಪ್ಪಾನೂ ಇಲ್ಲ. ಉಪ್ಪು, ಹುಳಿ, ಸಿಹಿ, ಖಾರ ನಾಲಿಗೆಗೆ ತಿಳಿಯುತ್ತೆ, ಅಷ್ಟೇ. ವಾಸನೆ ಮತ್ತೆ ಬಂದ್ರೂ ಬರಬಹುದು, ಬರದೇನೂ ಇರಬಹುದು ಅಂತಾರೆ ಡಾಕ್ಟ್ರು" ಎಂದರು. ಆಮೇಲೆ ಒಳಗಿಂದ ಒಂದೇ ಅಳತೆಯ ಎರಡು ಸ್ಟೀಲ್ ಡಬ್ಬಿ ತಂದು ನನ್ನ ಮುಂದಿಟ್ಟರು. ಒಂದರಲ್ಲಿ ಸಾರಿನ ಪುಡಿ, ಇನ್ನೊಂದರಲ್ಲಿ ಬಾತಿನ ಪುಡಿ. ಬಣ್ಣವೂ ಹೆಚ್ಚುಕಡಿಮೆ ಒಂದೇ. ಮೇಲೆ ಚೀಟಿ ಇರಲಿಲ್ಲ. ಹಿಂದೆ ನಾನು ಚೀಟಿ ಅಂಟಿಸಿ ಎಂದಾಗ, "ಯಾಕೆ, ನಾನೇನು ಹೋಟ್ಲು ಇಟ್ಟಿದೀನಾ?" ಎಂದು ನಕ್ಕವರು ಅವರು.

ನನಗೆ ಅಳು ಬಂತು. ಅಳು ಬಂದರೆ ನನಗೆ ಜೊತೆಗೆ ಸಿಟ್ಟೂ ಬರುತ್ತದೆ. "ಎರಡು ತಿಂಗಳಿಂದ ಬಾಯಿ ಮುಚ್ಕೊಂಡಿದ್ರಲ್ಲ, ನಾವೆಲ್ಲ ಸತ್ತುಹೋಗಿದ್ವಾ?" ಎಂದು ರೇಗಿದೆ. "ಇನ್ಮೇಲೆ ನಾನು ಬಂದು ನಿಂತ್ಕೋತೀನಿ. ಮೂಸಿ ಹೇಳ್ತೀನಿ."

"ನಿನ್ನ ಮೂಗು ನಂಬ್ಕೊಂಡು ನಾನು ಒಲೆ ಮುಂದೆ ನಿಲ್ಲಬೇಕಾ? ಅದಕ್ಕಿಂತ ಬ್ರೆಡ್ಡು ತಿಂದ್ಕೊಂಡಿರ್ತೀನಿ" ಎಂದು ನಕ್ಕರು ಅಕ್ಕ. ಆಮೇಲೆ ನಗು ನಿಲ್ಲಿಸಿ ಹೇಳಿದರು: "ಡಿಸೆಂಬರ್ ಊಟಕ್ಕೆ ಬಾತು ನಂದೇ. ಬಾತು ಉಳಿದು ಪಾತ್ರೆ ವಾಪಸ್ ಬಂತೋ, ಅಲ್ಲಿಗೆ ಮುಗೀತು. ಮತ್ತೆ ನಾಲ್ಕು ಜನಕ್ಕೆ ಬಡಿಸೋ ಅಡಿಗೆ ನಾನು ಮಾಡಲ್ಲ."

ಆಡಿದರೆ ಆಡಿದ ಹಾಗೆ ನಡೆಯುವ ಹೆಂಗಸು. ನನಗೆ ಹೆದರಿಕೆಯಾಯಿತು.

ಆರು ತಿಂಗಳು ಅವರು ಪಟ್ಟ ಪಾಡನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅರವತ್ತಾರನೆಯ ವಯಸ್ಸಿನಲ್ಲಿ ಮೊದಲಿಂದ ಅಡಿಗೆ ಕಲಿತರು. ಕೊತ್ತಂಬರಿ ಬೀಜ ಹುರಿಯುವಾಗ ಬಾಣಲೆಗೆ ಕಿವಿ ಕೊಟ್ಟು ನಿಲ್ಲುವರು. ತೇವ ಆರಿದ ಮೇಲೆ ಕಾಳು ಹಗುರಾಗಿ ಸದ್ದು ಬದಲಾಗುತ್ತದೆಯಂತೆ. ಗಸಗಸೆ ಚಿಟಿಗುಟ್ಟಲು ಶುರುವಾದ ತಕ್ಷಣ ಉರಿ ಆರಿಸುವರು. ಬ್ಯಾಡಗಿ ಮೆಣಸಿನಕಾಯಿಯನ್ನು ಬೆರಳಲ್ಲಿ ಒತ್ತಿ, ಪಟಕ್ಕೆಂದು ಮುರಿದರೆ ಸರಿ. ಕಡಲೆಬೇಳೆಗೆ ಕಣ್ಣು, ಕೊಬ್ಬರಿಗೆ ಅಂಗೈ. ಏಲಕ್ಕಿ, ಲವಂಗ, ಮೊಗ್ಗುಗಳನ್ನು ಕಣ್ಣಳತೆ ಬಿಟ್ಟು ಒಂದೊಂದಾಗಿ ಎಣಿಸಿ ಹಾಕುವರು. ಎಷ್ಟೋ ಸಲ ಕೆಟ್ಟಿತು. ರಾಮಚಂದ್ರರಾಯರು ಪಾಪ, ವಾರಕ್ಕೆ ಮೂರು ದಿನ ಬಾತು ತಿಂದರು. "ಚೆನ್ನಾಗಿದೆ" ಎಂದರೆ ಸುಳ್ಳು ಹೇಳಬೇಡಿ ಎಂದು ಬೈಸಿಕೊಂಡರು, "ಸುಮಾರು" ಎಂದರೂ ಬೈಸಿಕೊಂಡರು. ಡಬ್ಬಿಗಳ ಮೇಲೆ ದಪ್ಪ ಅಕ್ಷರದ ಚೀಟಿಗಳು ಬಂದವು. ಅದನ್ನು ಕಂಡು ನಾನು ಮುಖ ತಿರುಗಿಸಿಕೊಂಡೆ.

ಡಿಸೆಂಬರಿನ ಊಟ ವಡೋದರಾದಲ್ಲಿ, ಬ್ಯಾಂಕಿನ ಕಾಮಾಕ್ಷಿಯವರ ವಸತಿ ಸೊಸೈಟಿಯ ಸಭಾಂಗಣದಲ್ಲಿ. ಅಕ್ಕ ಮುಂಜಾನೆಯೇ ಬಾತು ಮಾಡಿ ರೈಲಿನಲ್ಲಿ ತಂದಿದ್ದರು. ಕಾಮಾಕ್ಷಿಯವರ ಒಲೆಯ ಮೇಲೆ ಬಿಸಿನೀರು ಕೂಡಿಸಿ ಮತ್ತೆ ಕುದಿಸಿ, ತುಪ್ಪದ ಒಗ್ಗರಣೆ ಕೊಟ್ಟರು. ಆಮೇಲೆ ನಲವತ್ತು ಜನರ ಎದುರು ಎದ್ದು ನಿಂತರು.

"ನನಗೆ ಎಂಟು ತಿಂಗಳಿಂದ ವಾಸನೆ ಗೊತ್ತಾಗಲ್ಲ. ಜೂನ್‌ನಲ್ಲಿ ಸಾರಿನ ಪುಡಿ ಹಾಕಿದ್ದು ಅದಕ್ಕೇ. ಅವತ್ತೇ ಹೇಳಬೇಕಿತ್ತು, ನಾಚಿಕೆಯಾಯ್ತು, ಹೇಳಲಿಲ್ಲ. ಅದು ನನ್ನ ತಪ್ಪು. ಇವತ್ತಿನದು ಕಿವಿ, ಕಣ್ಣು, ಕೈ ನಂಬಿ ಮಾಡಿರೋದು. ಹೇಗೆ ಮಾಡ್ದೆ ಅಂತ ಈಗ ಹೇಳ್ತೀನಿ. ಸೇರಿದ್ರೆ ತಿನ್ನಿ, ಸೇರದಿದ್ರೆ ಬಿಡಿ. ಮರ್ಯಾದೆಗೆ ಅಂತ ಒಂದು ಅಗುಳೂ ತಿನ್ನಬೇಡಿ."

ಅಕ್ಕ ಕೊತ್ತಂಬರಿಯಿಂದ ಒಗ್ಗರಣೆಯವರೆಗೆ ಒಂದೂ ಬಿಡದೆ ಹೇಳಿ ಮುಗಿಸಿದರು. ಮೊದಲು ತಟ್ಟೆ ಹಿಡಿದವರು ಗುಂಡಪ್ಪನವರು. ಈ ಮನುಷ್ಯ ದೇವರೆದುರೂ ಮುಲಾಜು ನೋಡುವವರಲ್ಲ. ಒಂದು ತುತ್ತು ತಿಂದರು. ಎರಡನೆಯದು ತಿಂದರು. ತಟ್ಟೆ ಬಳಿದು, ಎದ್ದು, ಮತ್ತೆ ಪಾತ್ರೆಯ ಹತ್ತಿರ ಬಂದರು.

"ಇನ್ನೆರಡು ಸೌಟು ಹಾಕಿ ಅಕ್ಕಾ. ಈಗ್ಲೇ ಹೇಳಿರ್ತೀನಿ, ಪಾತ್ರೆ ತೊಳೆಯೋನು ನಾನೇ."

ಅರ್ಧ ಗಂಟೆಯಲ್ಲಿ ತಳ ಕಂಡಿತು. ಗುಂಡಪ್ಪನವರು ಷರಟಿನ ತೋಳು ಮಡಿಸಿ, ನಲ್ಲಿಯ ಕೆಳಗೆ ಕುಕ್ಕುರುಗಾಲಲ್ಲಿ ಕೂತು ಆ ದೊಡ್ಡ ಪಾತ್ರೆಯನ್ನು ತಿಕ್ಕಿ ತಿಕ್ಕಿ ತೊಳೆದರು. ಅದನ್ನು ನೋಡಿ ನನಗಾದ ಹೆಮ್ಮೆ ಇದೆಯಲ್ಲ, ನಮ್ಮ ಯಜಮಾನರಿಗೆ ಪ್ರಮೋಷನ್ ಬಂದಾಗಲೂ ಆಗಿರಲಿಲ್ಲ.

ಸಂಜೆ ರೈಲಿನಲ್ಲಿ ಅಕ್ಕ ಆ ಪಾತ್ರೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದರು. ಆನಂದ್ ಸ್ಟೇಷನ್ ದಾಟಿದ ಮೇಲೆ ಕೇಳಿದರು: "ಹೇಮಾ, ಮುಚ್ಚಳ ತೆಗೆದಾಗ ವಾಸನೆ ಹೇಗಿತ್ತೇ?"

ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. "ಮೊದಲು ತುಪ್ಪ, ಇಂಗು ಬಂತು ಅಕ್ಕ. ಆಮೇಲೆ ಮೊಗ್ಗು, ಚಕ್ಕೆ. ಕೊನೆಗೆ ಕೊಬ್ಬರಿ ಮೆಲ್ಲಗೆ. ಆದ್ರೆ..." ನಿಲ್ಲಿಸಿದೆ. ಇಂಥ ದಿನ ಇದನ್ನು ಹೇಳಬೇಕೇ ಅನಿಸಿತು.

"ಆದ್ರೆ ಏನು? ಬೊಗಳು."

"ಲವಂಗ ಒಂದು ಚೂರು ಮುಂದಿತ್ತು."

ಅಕ್ಕ ನನ್ನ ತೊಡೆಗೆ ಫಟ್ಟೆಂದು ಹೊಡೆದರು. ಎದುರು ಸೀಟಿನಲ್ಲಿ ತೂಕಡಿಸುತ್ತಿದ್ದ ರಾಯರು ಬೆಚ್ಚಿಬಿದ್ದರು.

"ಪುಡಿ ಮಾಡುವಾಗ ಒಂದು ಲವಂಗ ಕೈಜಾರಿ ಹೆಚ್ಚಿಗೆ ಬಿತ್ತು! ಯಾರಾದ್ರೂ ಕಂಡುಹಿಡೀತಾರಾ ನೋಡೋಣ ಅಂತ ಅದೊಂದನ್ನ ಮಾತ್ರ ನಾನು ಹೇಳಲಿಲ್ಲ. ನಲವತ್ತು ಜನ ತಿಂದ್ರು, ಒಬ್ಬರೂ ಉಸಿರೆತ್ತಲಿಲ್ಲ."

ಪಾತ್ರೆಯನ್ನು ಎತ್ತಿ ನನ್ನ ಮಡಿಲಲ್ಲಿಟ್ಟರು.

"ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಮನೆಗೆ ಬಾ. ಹುಳಿಪುಡಿ ಹುರೀಬೇಕು. ಪಕ್ಕದಲ್ಲಿ ನಿಂತ್ಕೊಂಡು ಮೂಸಿ ಹೇಳು."