ನಂಜುಂಡಣ್ಣನ ಜೊತೆಗೆ ಆಸ್ಪತ್ರೆಗೆ

ಬೇರೆಯವರು ಕಿವಿಯಲ್ಲಿ ಪಿಸುಗುಟ್ಟುವ ಮಾತನ್ನು ನಂಜುಂಡಣ್ಣ ಎಂಟು ಮಗ್ಗಗಳ ಗದ್ದಲವನ್ನೂ ಮೀರಿಸಿ ಕೂಗಿ ಹೇಳುತ್ತಿದ್ದ. "ನಾಳೆ ನಾನ್ ಬರಲ್ಲ ಕಣ್ರೋ! ತಲೇನ ಸರ್ವಿಸ್‌ಗೆ ಬಿಡ್ಬೇಕು!" ದೊಡ್ಡಬಳ್ಳಾಪುರದ ನಮ್ಮ ಪವರ್‌ಲೂಮ್ ಶೆಡ್ಡೆಲ್ಲ ನಗುತ್ತಿತ್ತು.

ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ವರ್ಷಗಟ್ಟಲೆ ನಿದ್ದೆಯೇ ಹತ್ತಿರಲಿಲ್ಲ. ಬೆಂಗಳೂರಿನ ಡಾಕ್ಟರು ಮಾತ್ರೆ ಕೊಟ್ಟು ಕೌನ್ಸೆಲಿಂಗ್‌ಗೂ ಕಳಿಸಿದರು. "ಒಂದ್ ಗಂಟೆ ಒಬ್ನೇ ಮಾತಾಡ್ದೆ ಗುರು. ಆ ಮೇಡಂ ಮುಂದಿನ್ ತಿಂಗ್ಳೂ ಬನ್ನಿ ಅಂದ್ರು! ನಮ್ಮನೇಲಿ ಇಷ್ಟು ಮಾತಾಡಿದ್ರೆ ಊಟನೇ ಹಾಕ್ತಿರ್ಲಿಲ್ಲ."

ನನಗೂ ಅದೇ ಕಾಯಿಲೆ ಹತ್ತಿಕೊಂಡಿದ್ದು ಅವನಿಗೆ ಗೊತ್ತಾಗಿದ್ದು ನನ್ನ ಮಗ್ಗದಿಂದ. ಎಳೆ ಕಡಿದದ್ದು ಕಾಣದೆ ಅರ್ಧ ಸೀರೆ ನೇಯ್ದುಬಿಟ್ಟಿದ್ದೆ. ಸೀರೆಯ ಉದ್ದಕ್ಕೂ ಗೆರೆ ಬಿದ್ದಿತ್ತು. ಅವನು ಬಂದು ಸ್ವಿಚ್ ಆರಿಸಿದ.

"ಎಳೆ ಕಡಿದ್ರೆ ಮಗ್ಗ ನಿಲ್ಲಿಸ್ಬೇಕು ಕಣೋ. ನಿಲ್ಸೋಕೇನು ನಾಚ್ಕೆ?"

ನಾನು ಅಲ್ಲೇ ಅತ್ತುಬಿಟ್ಟೆ. ತಂಗಿಗೆ ಗಂಡು ನೋಡುತ್ತಿದ್ದೇವೆ, ಊರಿಗೆ ತಿಳಿದರೆ ಕೆಟ್ಟೆ ಎಂದೆ.

"ಅಷ್ಟೇ ತಾನೆ? ಹುಚ್ಚ ನಾನು, ನೀನು ಜೊತೆಗ್ ಬರೋನು. ನಡಿ."

ಎರಡು ವರ್ಷ ಹಾಗೇ ನಡೆಯಿತು. ಬಸ್ಸಿನಲ್ಲಿ ಪರಿಚಯದವರು ಸಿಕ್ಕರೆ, "ನನ್ ತಲೆ ರಿಪೇರಿಗೆ ಪಾಪ ಇವ್ನೂ ಅಲೀತಾನೆ" ಎನ್ನುತ್ತಿದ್ದ. ಅವನ ಮಾತ್ರೆ ನಿಂತು ಎಷ್ಟೋ ಕಾಲವಾಗಿತ್ತು. ನಾನು ಒಳಗೆ ಮಾತಾಡಿ ಬರುವವರೆಗೆ ಹೊರಗೆ ಬೆಂಚಿನ ಮೇಲೆ ಕಡಲೆಕಾಯಿ ಬಿಡಿಸುತ್ತ ಕೂತಿರುತ್ತಿದ್ದ. ಅರ್ಧ ನನಗೆಂದು ಉಳಿಸುತ್ತಿದ್ದ.

ಹೋದ ತಿಂಗಳು ಎದೆನೋವೆಂದು ಕೂತವನು ಮತ್ತೆ ಏಳಲಿಲ್ಲ. ಹೆಣದ ಮುಂದೆ ಯಾರೋ, "ಒಳ್ಳೆ ಮನುಷ್ಯ, ಪಾಪ. ಕೊನೇತನಕ ತಲೆ ಸರಿಹೋಗ್ಲಿಲ್ಲ" ಎಂದರು. ಅವನ ಮಗಳು ಸರೋಜ ತಲೆ ತಗ್ಗಿಸಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ನಿನ್ನೆ ಬಸ್ ಸ್ಟ್ಯಾಂಡಿನಲ್ಲಿ ಸರೋಜ ಸಿಕ್ಕಳು. ನನ್ನ ಕೈಲಿದ್ದ ಆಸ್ಪತ್ರೆಯ ಫೈಲನ್ನೇ ನೋಡಿದಳು. "ಅಪ್ಪನೇ ಇಲ್ಲ, ಇನ್ಯಾರನ್ನ ತೋರಿಸೋಕೆ ಹೋಗ್ತಿದೀರಣ್ಣ?"

"ನನ್ನೇ ಕಣಮ್ಮ. ನಿಮ್ಮಪ್ಪಂಗೆ ಯಾವಾಗ್ಲೋ ವಾಸಿಯಾಗಿತ್ತು. ಎರಡ್ ವರ್ಷದಿಂದ ಕಾಯಿಲೆ ನಂದು. ಜೊತೆಗ್ ಬರ್ತಿದ್ದಿದ್ದು ಅವ್ನು."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಊರಿಗೆಲ್ಲ ಕೇಳೋ ಹಂಗೆ ಕೂಗಾಡ್ತಿದ್ರು. ಇದೊಂದ್ನ ನಂಗೂ ಹೇಳ್ಲಿಲ್ವಲ್ಲಣ್ಣ."

ಬಸ್ಸು ಬಂತು. ಕಿಟಕಿಯ ಪಕ್ಕ ಅವನ ಜಾಗ ಬಿಟ್ಟು ಕೂತೆ. ಈ ಮಾತನ್ನು ನಾನು ಹೇಳಬೇಕಾಗಿದ್ದದ್ದು ಅವತ್ತು, ಅಷ್ಟು ಜನರ ಎದುರಿಗೆ, ಅವನಂತೆಯೇ ಕೂಗಿ.