ಅಂಚಿನ ಕೆಂಪು

ಗಿರಿಜಾ, ನಿನ್ನನ್ನು ಸೋಲಿಸಿದ್ದು ನನ್ನ ಕಣ್ಣಲ್ಲ. ಆ ಚಿತ್ರಗಳನ್ನು ನಾನು ನೋಡಿ ಗುರುತಿಸುತ್ತಿರಲಿಲ್ಲ — ಅಂಚಿಗೆ ಹತ್ತಿದ್ದ ಮೆಣಸಿನಕಾಯಿ ಬಣ್ಣ ನೋಡಿ ಹೇಳುತ್ತಿದ್ದೆ. ಇಷ್ಟನ್ನು ಮನಸ್ಸಿನಲ್ಲಾದರೂ ನಿನಗೆ ಹೇಳಲು ಇಷ್ಟು ವರ್ಷ ಬೇಕಾಯಿತು.

ನಾನು ನಿಮ್ಮಣ್ಣನ ಕೈಹಿಡಿದು ಬ್ಯಾಡಗಿಯ ನಿಮ್ಮ ಮನೆಗೆ ಸೊಸೆಯಾಗಿ ಬಂದಾಗ ನಿಮ್ಮಪ್ಪ, ಡ್ರಾಯಿಂಗ್ ಮಾಸ್ತರರು, ಆಗಷ್ಟೇ ನಿವೃತ್ತರಾಗಿದ್ದರು. ರಾಣೆಬೆನ್ನೂರಿನ ಬೀಜದ ಅಂಗಡಿಗಳಿಂದ ಹಳೆಯ ಕ್ಯಾಲೆಂಡರು ತಂದು, ಗುಡಿ, ಗುಮ್ಮಟ, ಮೂರ್ತಿ, ಪರದೇಶದ ವರ್ಣಚಿತ್ರ ಎಲ್ಲ ಕತ್ತರಿಸಿ ರಟ್ಟಿಗೆ ಅಂಟಿಸಿಟ್ಟಿದ್ದರು. ಸಂಜೆ ಚಹಾ ಆದ ಮೇಲೆ ಆಟ. ಚಿತ್ರದ ಮೇಲೆ ತೂತು ಕೊರೆದ ಕಾಗದ ಹಿಡಿಯುವರು. ತೂತಿನಲ್ಲಿ ಕಂಡಷ್ಟನ್ನೇ ನೋಡಿ ಅದು ಯಾವುದೆಂದು ನಾವು ಹೇಳಬೇಕು. ಕಾಗದ ಚಿಕ್ಕದು, ರಟ್ಟಿನ ಬಿಳಿ ಅಂಚು ಹೊರಗೇ ಉಳಿಯುತ್ತಿತ್ತು.

ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಕುಪ್ಪೇಲೂರಿನ ಹುಡುಗಿ ನಾನು. ಮೊದಮೊದಲು ಬಾಯಿ ಬಿಡದೆ ಕೂರುತ್ತಿದ್ದೆ. ಮಧ್ಯಾಹ್ನವೆಲ್ಲ ನಾವಿಬ್ಬರೂ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆವಲ್ಲ — ಅದೇ ಬೆರಳಲ್ಲಿ ಚಿತ್ರ ಮುಟ್ಟಿ ಅಂಚಿಗೆಲ್ಲ ಕೆಂಪು ಹತ್ತಿತ್ತು. ಒಂದು ಸಂಜೆ ಮೂಲೆಯ ಕಲೆ ನೋಡಿ, ಹಿಂದೆ ಕೇಳಿದ್ದ ಹೆಸರು ನೆನಪಾಗಿ, "ಅಜಂತಾದ್ದು ಅಲ್ರಿ?" ಎಂದೆ.

"ಶಾಬಾಸ್! ಸೊಸಿ ಕಣ್ಣು ಭಾಳ ಚುರುಕು ಐತಿ!" ಎಂದರು ಮಾವನವರು. ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ ಅದು.

ಅಲ್ಲಿಗೆ ಸಿಕ್ಕಿಹಾಕಿಕೊಂಡೆ. ಬಂದವರ ಮುಂದೆಲ್ಲ ನನ್ನನ್ನು ಕೂರಿಸಿ ಆಡಿಸತೊಡಗಿದರು. ತಲೆನೋವೆಂದರೂ ಬಿಡುತ್ತಿರಲಿಲ್ಲ, "ಒಂದ ಒಂದು ಹೇಳವ್ವಾ" ಎನ್ನುವರು. ಹೊಸ ಚಿತ್ರ ಬಂತೆಂದರೆ ಅದರ ಅಂಚಿನಲ್ಲಿ ಕಲೆಯೇ ಇರುತ್ತಿರಲಿಲ್ಲ. ಕೊನೆಗೆ ಅಂಟಿಸುವ ಕೆಲಸವನ್ನು ನಾನೇ ಮೈಮೇಲೆ ಹಾಕಿಕೊಂಡೆ. ಹೆಸರು ಕೇಳಿಕೊಂಡು, ಬೆರಳಿಗೆ ಮೆಣಸಿನಕಾಯಿ ಉಜ್ಜಿಕೊಂಡು, ಒಂದೊಂದಕ್ಕೆ ಒಂದೊಂದು ಕಡೆ ಒತ್ತುತ್ತಿದ್ದೆ. ತಿಳಿಯದೆ ಆದ ಕಲೆಗಳಲ್ಲ ಅವು. ಬೇಕೆಂದೇ ಮಾಡಿದ್ದು.

ನೀನು ಮಾತ್ರ ನಿಜವಾಗಿ ನೋಡುತ್ತಿದ್ದೆ. ನೋಡುವವರಿಗೆ ಹೊತ್ತು ಹಿಡಿಯುತ್ತದೆ — ಅದು ನನಗೂ ಗೊತ್ತಿತ್ತು...

ಧಾರವಾಡಕ್ಕೆ ಹೋಗಿ ಚಿತ್ರಕಲೆ ಕಲಿಯುತ್ತೇನೆಂದು ನೀನು ಹಟ ಹಿಡಿದಿದ್ದ ದಿನಗಳು. ಆ ಸಂಜೆ ಮಾವನವರು ಹೇಳಿಯೇ ಆಟಕ್ಕೆ ಕೂತರು: "ನಿನಗ ಕಣ್ಣು ಐತೇನು ನೋಡೂಣು. ಇದ್ರ ಕಳಸ್ತೇನಿ." ತೂತಿನಲ್ಲಿ ಕಂಬದ ಒಂದು ತುಂಡು. ನೀನು ಮುಂದಕ್ಕೆ ಬಾಗಿದೆ.

"ಬಳಪದ ಕಲ್ಲು ಅಪ್ಪಾ... ಬಾದಾಮಿದ ಅಲ್ಲ, ಅಲ್ಲೀದು ಕೆಂಪು ಕಲ್ಲು. ಕಂಬ ಎಷ್ಟ ನುಣ್ಣಗ ಕಡದಾರ... ತಡೀರಿ, ಹೇಳ್ತೇನಿ —"

ನಾನು ತಡೆಯಲಿಲ್ಲ. ಎಡ ಅಂಚಿನ ಕೆಂಪು ಆಗಲೇ ಕಂಡಿತ್ತು. ಸುಮ್ಮನಿದ್ದರೆ ಈ ಸಲ ಯಾಕೆ ಹೇಳಲಿಲ್ಲ ಎಂದು ಕೇಳಿಯಾರೆಂಬ ಹೆದರಿಕೆ — ಹೆದರಿಕೆಯಷ್ಟೇ ಅಲ್ಲ, ಗೆಲ್ಲುವ ಚಟವೂ ಹತ್ತಿತ್ತು. "ಲಕ್ಕುಂಡಿ" ಎಂದುಬಿಟ್ಟೆ.

"ನೋಡಿದಿಲ್ಲೋ? ವೈನಿಗೆ ಐತಿ. ನಿನಗ ಕಣ್ಣಿಲ್ಲ ಬಿಡವ್ವಾ," ಎಂದರು ಮಾವನವರು.

ನೀನು ಅಳಲಿಲ್ಲ. ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದೆ. ಆ ವರ್ಷವೇ ನಿನ್ನನ್ನು ಹಾವೇರಿಗೆ ಮದುವೆ ಮಾಡಿ ಕೊಟ್ಟರು. ಮಾವನವರು ತೀರಿಕೊಳ್ಳುವವರೆಗೂ ನಾನು ಬಾಯಿ ಬಿಡಲಿಲ್ಲ. ಆಮೇಲೂ ಬಿಡಲಿಲ್ಲ.

ಬರುವ ಭಾನುವಾರ ನೀನು ಬಂದಾಗ ಇದನ್ನೆಲ್ಲ ನಿನ್ನ ಮಗಳ ಎದುರಿಗೇ ಹೇಳುತ್ತೇನೆ. ಅವಳ ಎದುರಿಗೇ ಹೇಳಬೇಕು. ಹೋದ ಸಲ ಅವಳು ಆ ಚಿತ್ರಗಳ ಹಳೆಯ ಡಬ್ಬಿ ತೆಗೆದು, ತೂತಿನ ಕಾಗದ ಹಿಡಿದು, "ಇದು ಯಾವುದು ಹೇಳವ್ವಾ" ಎಂದಾಗ ನೀನು ನಗುತ್ತ ಏನೆಂದೆ, ನೆನಪಿದೆಯೆ? "ನನಗ ಕಣ್ಣಿಲ್ಲ ಬಿಡವ್ವಾ, ನಿಮ್ಮತ್ತಿನ್ನ ಕೇಳು."

ನಾನು ಅಂಚು ನೋಡಿದೆ. ಬಣ್ಣ ಹಾರಿಹೋಗಿತ್ತು. ತೂತಿನಲ್ಲಿ ಕಲ್ಲು — ಬರೀ ಕಲ್ಲು. ಹುಡುಗಿ ಕಾಯುತ್ತಲೇ ಇದ್ದಳು. ನೀನೇ ಬಾಗಿ ನೋಡಿದೆ.

"ಕಮಲದ ಎಸಳು... ಇದು ಮ್ಯಾಲಿನ ಛತ್ತು. ಹಾನಗಲ್ಲ ತಾರಕೇಶ್ವರ ಗುಡಿ." ಆಮೇಲೆ ಅನುಮಾನದಿಂದ ನನ್ನ ಕಡೆ ತಿರುಗಿದೆ. "ಹೌದಲ್ಲ ವೈನಿ?"

ನನ್ನನ್ನು ಕೇಳಿದೆಯಲ್ಲ ಗಿರಿಜಾ — ನನ್ನನ್ನು!

ಹೌದು ಎಂದೆ. ಹೌದೋ ಅಲ್ಲವೋ ನನಗೆ ಗೊತ್ತಿರಲಿಲ್ಲ.